ನಾಲತವಾಡದ ಬಿಸಿಲೂ ಸಂಚಾರಿ ಮನೆಯ ವಿದ್ಯುತ್ ನಿಯಂತ್ರಕವೂ

ಹಿಂದಿನ ಕಾಲದಲ್ಲಿ ಬಿಜಾಪುರ ಸೀಮೆಯ ಒಕ್ಕಲುತನದ ಮನೆಯವರು ದೂರದ ಜಾತ್ರೆಗೆ ಹೊರಡುವಾಗ ಚಕ್ಕಡಿಗೆ ಕೊಲ್ಲಾರಿ ಕಟ್ಟಿ, ಒಳಗೆ ಹುಲ್ಲು ಹರವಿ, ಅದರ ಮೇಲೆ ಕೌದಿ ಹಾಸುತ್ತಿದ್ದರು. ರೊಟ್ಟಿಯ ಗಂಟು, ಶೇಂಗಾ ಹಿಂಡಿ, ನೀರಿನ ಕೊಡ, ನೊಗದ ಕೆಳಗೆ ತೂಗುವ ಒಂದು ಕಂದೀಲು: ಇಷ್ಟಾದರೆ ಬಂಡಿಯೇ ಮನೆಯಾಗುತ್ತಿತ್ತು. ಎತ್ತುಗಳ ಜಾಗದಲ್ಲಿ ಈಗ ಯಂತ್ರ ಬಂದಿದೆ. ಚಕ್ಕಡಿಯ ಜಾಗದಲ್ಲಿ ಟೆಂಪೊ ಬಂದಿದೆ. ಆದರೆ ಬಂಡಿಯನ್ನೇ ಮನೆಯಾಗಿ ಮಾಡಿಕೊಳ್ಳುವ ಆಸೆ ಮಾತ್ರ ಹಾಗೆಯೇ ಉಳಿದಿದೆ. ಕಂದೀಲಿನ ಸ್ಥಾನದಲ್ಲಿ ವಿದ್ಯುದ್ದೀಪವೂ ಒಂದು ಸಣ್ಣ ಬೀಸಣಿಗೆಯೂ ಇರಬೇಕೆಂಬುದಷ್ಟೇ ಇಂದಿನವರ ಹೆಚ್ಚಿನ ಬೇಡಿಕೆ.

ಮುದ್ದೇಬಿಹಾಳ ತಾಲೂಕಿನ ನಾಲತವಾಡದಲ್ಲಿ ನಾವು ಬಲ್ಲ ಕೆಲವು ತರುಣರು ಇಂಥದೊಂದು ಸಂಚಾರಿ ಮನೆಯನ್ನು ತಮ್ಮ ಕೈಯಾರೆ ಸಿದ್ಧಪಡಿಸಲು ಹೊರಟಿದ್ದಾರೆ. ಯುಗಾದಿಗೆ ಮುಂಚೆ ಈ ಭಾಗದ ಜನರು ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವುದು ಎಲ್ಲರಿಗೂ ತಿಳಿದ ಸಂಗತಿ. ನಡೆದು ಸೋತ ಹಿರಿಯರು ಮಧ್ಯಾಹ್ನದ ಹೊತ್ತು ಬಂಡಿಯಲ್ಲಿ ಒರಗಿಕೊಳ್ಳಬೇಕು. ರಾತ್ರಿ ಅಡುಗೆಗೆ ಬೆಳಕು ಬೇಕು. ನಡೆಯುವವರ ದೂರವಾಣಿಗಳಿಗೆ ವಿದ್ಯುತ್ತು ತುಂಬಿಸಬೇಕು. ಇದಕ್ಕಾಗಿ ಟೆಂಪೊದ ಮಾಳಿಗೆಯ ಮೇಲೆ ಒಂದು ಸೌರ ಫಲಕ, ಅಂದರೆ ಜನರ ಮಾತಿನಲ್ಲಿ ಸೋಲಾರ್ ಪ್ಲೇಟು, ಒಳಗೆ ಒಂದು ಬ್ಯಾಟರಿ. ಇವೆರಡರ ಆಯ್ಕೆಯಲ್ಲಿ ಅವರಿಗೆ ತೊಂದರೆಯಾಗಲಿಲ್ಲ. ಇವುಗಳ ನಡುವೆ ಇರಬೇಕಾದ ಅಂಗೈಯಗಲದ ಪೆಟ್ಟಿಗೆಯೇ ಅವರನ್ನು ಗೊಂದಲಕ್ಕೆ ಸಿಲುಕಿಸಿತು. ಅದರ ಹೆಸರು ಚಾರ್ಜ್ ಕಂಟ್ರೋಲರ್. ನಾವು ಅದನ್ನು ವಿದ್ಯುತ್ ನಿಯಂತ್ರಕವೆಂದು ಕರೆಯೋಣ.

ಅಂಗಡಿಯವನು ಹೇಳಿದ್ದು, ಹೆಚ್ಚು ಬೆಲೆಯದೇ ಒಳ್ಳೆಯದೆಂದು. ಪರದೇಶಗಳ ಪ್ರವಾಸಪ್ರಿಯರು ಹೇಳುವುದು, ಎಂಪಿಪಿಟಿ ಎಂಬ ಜಾತಿಯದನ್ನು ಬಿಟ್ಟು ಬೇರೆ ಕೊಳ್ಳುವುದು ಮೂರ್ಖತನವೆಂದು. ಎರಡನ್ನೂ ಹಾಗೆಯೇ ಒಪ್ಪಿಕೊಳ್ಳಬಾರದೆಂಬುದು ನಮ್ಮ ಅಭಿಪ್ರಾಯ. ಯಾವ ನಿಯಂತ್ರಕ ಬೇಕೆಂಬುದನ್ನು ನಿರ್ಣಯಿಸತಕ್ಕವು ಮೂರು: ನಮ್ಮ ಫಲಕ, ನಮ್ಮ ಬ್ಯಾಟರಿ, ನಮ್ಮ ಊರಿನ ಬಿಸಿಲು. ಈ ಮೂರನ್ನೂ ಅಳೆದು ನೋಡಬಹುದು. ಅಳೆಯಲು ಬರುವುದನ್ನು ಕೇಳಿ ನಂಬಬೇಕಾದ ಅಗತ್ಯವಿಲ್ಲ.

ತೂಬಿಲ್ಲದ ಕೆರೆ

ನಾಲತವಾಡಕ್ಕೆ ಸಮೀಪದಲ್ಲಿಯೇ ಕೃಷ್ಣಾ ನದಿಗೆ ನಾರಾಯಣಪುರದ ಅಣೆಕಟ್ಟನ್ನು ಕಟ್ಟಿದೆ. ಅಷ್ಟು ನೀರು ನಿಂತಿದ್ದರೂ ಅದನ್ನು ನೇರವಾಗಿ ಹೊಲಕ್ಕೆ ಯಾರೂ ಬಿಡುವುದಿಲ್ಲ. ನಡುವೆ ಕಾಲುವೆ, ಕಾಲುವೆಗೆ ಗೇಟು, ಹೊಲಕ್ಕೆ ತೂಬು. ಬೆಳೆಗೆ ಬೇಕಾದಷ್ಟು ಬಿಟ್ಟು ಸಾಕಾದಾಗ ಮುಚ್ಚದಿದ್ದರೆ ಹೊಲ ಜವಳಾಗುತ್ತದೆ. ಸೌರ ಫಲಕಕ್ಕೂ ಬ್ಯಾಟರಿಗೂ ನಡುವೆ ನಿಯಂತ್ರಕವು ಮಾಡುವ ಕೆಲಸ ಇಂಥದೇ.

12 ವೋಲ್ಟಿನದೆಂದು ಮಾರುವ ಸೌರ ಫಲಕವು ನಿಜವಾಗಿ 12 ವೋಲ್ಟುಗಳದಲ್ಲ. ಅದರಲ್ಲಿ ಸಾಮಾನ್ಯವಾಗಿ 36 ಸಿಲಿಕಾನ್ ಕೋಶಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಏನನ್ನೂ ಜೋಡಿಸದೆ ಬಿಸಿಲಿಗಿಟ್ಟರೆ ಅದರ ಒತ್ತಡವು ಸುಮಾರು 22 ವೋಲ್ಟು; ಅತಿ ಹೆಚ್ಚು ಶಕ್ತಿಯನ್ನು ಕೊಡುವಾಗ ಸುಮಾರು 18 ವೋಲ್ಟು. ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿಯಾದರೋ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವಾಗ 12.7 ವೋಲ್ಟುಗಳನ್ನು ತೋರಿಸುತ್ತದೆ. ಅರ್ಧ ಖಾಲಿಯಾದಾಗ ಸುಮಾರು 12.2. ತುಂಬಿಸುವಾಗ ಅದಕ್ಕೆ 14.4 ವೋಲ್ಟುಗಳವರೆಗೆ ಒತ್ತಡ ಕೊಡಬೇಕು. ತುಂಬಿದ ಮೇಲೆ 13.6ರ ಆಸುಪಾಸಿಗೆ ಇಳಿಸಬೇಕು. ಹಾಗೆ ಇಳಿಸದೆ ಫಲಕವನ್ನು ನೇರವಾಗಿ ಜೋಡಿಸಿಬಿಟ್ಟರೆ ಬ್ಯಾಟರಿಯೊಳಗಿನ ನೀರು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆದು ಹೋಗುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಭಾಗಕ್ಕಿಂತ ಹೆಚ್ಚು ಜಲಜನಕ ಸೇರಿದರೆ ಒಂದು ಕಿಡಿಯಿಂದಲೇ ಸ್ಫೋಟವಾಗಬಹುದು. ಜನರು ಮಲಗುವ ಬಂಡಿಯಲ್ಲಿ ಇದು ಕಡೆಗಣಿಸತಕ್ಕ ಸಂಗತಿಯಲ್ಲ.

ವಿದ್ಯುತ್ತನ್ನು ಪಡೆಯುವುದಕ್ಕಿಂತ ಅದನ್ನು ಹತೋಟಿಯಲ್ಲಿಡುವುದೇ ಕಷ್ಟವೆಂಬುದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿಯೇ ಒಂದು ದೃಷ್ಟಾಂತವಿದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಚೇಪಿನ್, ಫುಲ್ಲರ್ ಮತ್ತು ಪಿಯರ್‌ಸನ್ ಎಂಬವರು ಸಿಲಿಕಾನ್ ಸೌರಕೋಶವನ್ನು 1954ರ ಏಪ್ರಿಲ್ 25ರಂದು ಲೋಕಕ್ಕೆ ತೋರಿಸಿದರು. ಅದು ಬಿಸಿಲಿನ ನೂರರಲ್ಲಿ 6 ಭಾಗವನ್ನಷ್ಟೇ ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ನಾಲ್ಕೇ ವರ್ಷಗಳಲ್ಲಿ, 1958ರಲ್ಲಿ, ವ್ಯಾನ್‌ಗಾರ್ಡ್ ಎಂಬ ಕೃತಕ ಉಪಗ್ರಹವು ಸೌರಕೋಶಗಳನ್ನು ಹೊತ್ತು ಆಕಾಶಕ್ಕೇರಿತು. ಬೆಂಗಳೂರಿನ ಪೀಣ್ಯದಲ್ಲಿ ಯು. ಆರ್. ರಾವ್ ಅವರ ನೇತೃತ್ವದಲ್ಲಿ ನಿರ್ಮಾಣವಾದ ನಮ್ಮ ಮೊದಲ ಉಪಗ್ರಹ ಆರ್ಯಭಟವು 1975ರ ಏಪ್ರಿಲ್ 19ರಂದು ಕಕ್ಷೆಯನ್ನು ಸೇರಿತು. ಅದರ ಮೈಯ ಸುತ್ತಲೂ ಸೌರಕೋಶಗಳಿದ್ದವು. ಸೂರ್ಯಪ್ರಕಾಶಕ್ಕೆ ಅಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ವಿದ್ಯುತ್ ಪೂರೈಕೆಯಲ್ಲಿ ದೋಷವುಂಟಾಗಿ ಅದರ ವೈಜ್ಞಾನಿಕ ಪ್ರಯೋಗಗಳು ನಾಲ್ಕು ದಿನಗಳಲ್ಲಿಯೇ ನಿಂತುಹೋದವು. ಬೆಳಕು ಬಿದ್ದಿತೆಂದ ಮಾತ್ರಕ್ಕೆ ಕೆಲಸ ನಡೆಯುವುದಿಲ್ಲ. ನಡುವಿನ ವ್ಯವಸ್ಥೆ ಸರಿಯಾಗಿರಬೇಕು.

ಎರಡು ಬಗೆಯ ತೂಬುಗಳು

ಮಾರುಕಟ್ಟೆಯಲ್ಲಿ ದೊರೆಯುವ ನಿಯಂತ್ರಕಗಳಲ್ಲಿ ಎರಡು ಮುಖ್ಯ ಜಾತಿಗಳು. ಪಿಡಬ್ಲ್ಯುಎಂ ಎಂಬುದು ಸರಳವಾದದ್ದು. ಅದು ಅತಿ ವೇಗವಾಗಿ ತೆರೆದು ಮುಚ್ಚುವ ಒಂದು ಸ್ವಿಚ್ಚು. ಬ್ಯಾಟರಿಯು ಹಸಿದಿರುವಾಗ ತೆರೆದೇ ಇರುತ್ತದೆ. ತುಂಬುತ್ತ ಬಂದಂತೆ ತೆರೆದಿರುವ ಅವಧಿಯನ್ನು ಕಡಿಮೆ ಮಾಡುತ್ತದೆ. ತೆರೆದಿರುವಾಗ ಫಲಕಕ್ಕೂ ಬ್ಯಾಟರಿಗೂ ನೇರ ಸಂಬಂಧ. ಆದುದರಿಂದ ಫಲಕದ ಒತ್ತಡವು ಬ್ಯಾಟರಿಯ ಒತ್ತಡಕ್ಕೆ ಇಳಿಯಲೇಬೇಕು. ಫಲಕದಿಂದ ಎಷ್ಟು ಆಂಪಿಯರು ಹೊರಟಿತೋ ಅಷ್ಟೇ ಬ್ಯಾಟರಿಯನ್ನು ಸೇರುತ್ತದೆ. ಹೆಚ್ಚಿನ ವೋಲ್ಟುಗಳು ಉಪಯೋಗಕ್ಕೆ ಬಾರದೆ ಹೋಗುತ್ತವೆ.

ಎಂಪಿಪಿಟಿ ಎಂಬುದು ಬುದ್ಧಿವಂತ ಜಾತಿ. ಯಾವ ಒತ್ತಡದಲ್ಲಿ ಫಲಕವು ಅತಿ ಹೆಚ್ಚು ಶಕ್ತಿಯನ್ನು ಕೊಡುತ್ತದೆಂಬುದನ್ನು ಅದು ಎಡೆಬಿಡದೆ ಹುಡುಕಿ, ಫಲಕವನ್ನು ಆ ನೆಲೆಯಲ್ಲಿಯೇ ನಿಲ್ಲಿಸುತ್ತದೆ. ಬಳಿಕ ತನ್ನೊಳಗಿನ ತಂತಿಸುರುಳಿಯ ಸಹಾಯದಿಂದ ಹೆಚ್ಚು ಒತ್ತಡದ ಕಡಿಮೆ ಪ್ರವಾಹವನ್ನು ಕಡಿಮೆ ಒತ್ತಡದ ಹೆಚ್ಚು ಪ್ರವಾಹವಾಗಿ ಪರಿವರ್ತಿಸುತ್ತದೆ. ಏರುದಾರಿಯಲ್ಲಿ ಸೈಕಲ್ಲಿನ ಗೇರನ್ನು ಬದಲಿಸಿ ಅದೇ ಕಾಲುಗಳಿಂದ ಏರನ್ನು ಹತ್ತುವಂತೆ ಇದು. ಈ ಪರಿವರ್ತನೆಯಲ್ಲಿ ನೂರಕ್ಕೆ ಸುಮಾರು 5 ಭಾಗ ನಷ್ಟವಾಗುತ್ತದೆ. ಬೆಲೆಯಲ್ಲಿ ಮೊದಲನೆಯದು ನೂರುಗಳ ಲೆಕ್ಕದ್ದಾದರೆ ಒಳ್ಳೆಯ ಎಂಪಿಪಿಟಿಯು ಸಾವಿರಗಳ ಲೆಕ್ಕದ್ದು.

ಇಷ್ಟನ್ನು ಓದಿದ ವಿದ್ಯಾರ್ಥಿಯು, ಹಾಗಾದರೆ ಎರಡನೆಯದೇ ಮೇಲು ಎನ್ನುವನು. ಲಂಡನ್ನಿನಲ್ಲಿಯೋ ಬರ್ಲಿನ್ನಿನಲ್ಲಿಯೋ ಆ ಮಾತು ನಿಜ. ನಾಲತವಾಡದಲ್ಲಿ ಲೆಕ್ಕ ಮಾಡಿ ನೋಡೋಣ.

ಬಿಸಿಲು ಬೇರೆ, ಬಿಸಿ ಬೇರೆ

ಬಿಸಿಲು ಹೆಚ್ಚಿದಷ್ಟೂ ಫಲಕಕ್ಕೆ ಒಳ್ಳೆಯದೆಂದು ಅನೇಕರು ತಿಳಿದಿದ್ದಾರೆ. ಬೆಳಕು ಹೆಚ್ಚಿದರೆ ಒಳ್ಳೆಯದು. ಬಿಸಿ ಹೆಚ್ಚಿದರೆ ಕೆಟ್ಟದ್ದು. ಸಿಲಿಕಾನ್ ಕಾದಂತೆಲ್ಲ ಅದರೊಳಗಿನ ಸೋರಿಕೆಯ ಪ್ರವಾಹವು ಹೆಚ್ಚಿ ಕೋಶದ ಒತ್ತಡವು ಕುಗ್ಗುತ್ತದೆ. ಫಲಕದ ಹಿಂಬದಿಯಲ್ಲಿ ಅಂಟಿಸಿದ ಚೀಟಿಯಲ್ಲಿರುವ ಅಂಕಿಗಳೆಲ್ಲ ಕೋಶದ ಉಷ್ಣತೆಯು 25 ಡಿಗ್ರಿ ಸೆಲ್ಸಿಯಸ್ ಇರುವಾಗಿನವು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಾಗಲೂ ಗರಿಷ್ಠ ಶಕ್ತಿಯ ಒತ್ತಡವು ನೂರಕ್ಕೆ ಸುಮಾರು 0.4ರಂತೆ ಇಳಿಯುತ್ತದೆ.

ಚೈತ್ರಮಾಸದಲ್ಲಿ ಈ ಕಪ್ಪುಮಣ್ಣಿನ ಸೀಮೆಯ ನಡುಹಗಲಿನ ಉಷ್ಣತೆಯು 40 ಡಿಗ್ರಿಯನ್ನು ಮುಟ್ಟುವುದು ಅಪರೂಪವಲ್ಲ. ಬಿಸಿಲಿನಲ್ಲಿರುವ ಫಲಕವು ಗಾಳಿಗಿಂತ ಇನ್ನೂ 25 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಹಾಗಾದರೆ ಕೋಶದ ಉಷ್ಣತೆ 65 ಡಿಗ್ರಿ. ಚೀಟಿಯಲ್ಲಿರುವುದಕ್ಕಿಂತ 40 ಡಿಗ್ರಿ ಅಧಿಕ. ಒತ್ತಡದಲ್ಲಿ ಇಳಿಕೆ ನೂರಕ್ಕೆ 16. ಎಂದರೆ 18 ವೋಲ್ಟಿನ ಫಲಕವು ನಮ್ಮಲ್ಲಿ 15 ವೋಲ್ಟಿನದಾಗಿಬಿಡುತ್ತದೆ.

100 ವಾಟಿನ ಫಲಕವೊಂದರ ಪ್ರವಾಹವನ್ನು 5.5 ಆಂಪಿಯರು ಎಂದು ಇಟ್ಟುಕೊಳ್ಳೋಣ. ಆ ಮಧ್ಯಾಹ್ನ ಎಂಪಿಪಿಟಿಗೆ ಸಿಗುವುದು 15ನ್ನು 5.5ರಿಂದ ಗುಣಿಸಿದಷ್ಟು, ಅಂದರೆ ಸುಮಾರು 82 ವಾಟು. ಪರಿವರ್ತನೆಯ ನಷ್ಟವನ್ನು ಕಳೆದರೆ 78 ವಾಟು ಬ್ಯಾಟರಿಯನ್ನು ಸೇರುತ್ತದೆ. ಸರಳವಾದ ಪಿಡಬ್ಲ್ಯುಎಂ ಆಗಿದ್ದರೆ ಫಲಕವು ತನ್ನ ಗರಿಷ್ಠ ನೆಲೆಗಿಂತ ತುಸು ಕೆಳಗಿನ ಒತ್ತಡದಲ್ಲಿ ನಿಂತು 5.6 ಆಂಪಿಯರುಗಳನ್ನು ಕೊಟ್ಟೀತು. ಬ್ಯಾಟರಿಯ ಒತ್ತಡ 13.5 ವೋಲ್ಟೆಂದರೆ ಸೇರಿದ ಶಕ್ತಿ ಸುಮಾರು 76 ವಾಟು. ವ್ಯತ್ಯಾಸ ಎರಡೇ ವಾಟು! ಇದಕ್ಕಾಗಿ ಹಲವು ಪಟ್ಟು ಬೆಲೆ ಕೊಡುವುದು ಜಾಣತನವಲ್ಲ.

ಇದೇ ಫಲಕವನ್ನು ಯುರೋಪಿನ ತಂಪು ಗಾಳಿಯಲ್ಲಿಟ್ಟು, ಕೋಶದ ಉಷ್ಣತೆ 20 ಡಿಗ್ರಿಯಷ್ಟೇ ಇದೆಯೆಂದುಕೊಳ್ಳಿರಿ. ಬ್ಯಾಟರಿಯು ಅರ್ಧ ಖಾಲಿಯಾಗಿ 12.5 ವೋಲ್ಟಿನಲ್ಲಿ ತುಂಬುತ್ತಿದೆ. ಆಗ ಎಂಪಿಪಿಟಿಯು 97 ವಾಟುಗಳವರೆಗೂ ಕೊಟ್ಟೀತು. ಪಿಡಬ್ಲ್ಯುಎಂ ಸುಮಾರು 72 ವಾಟುಗಳನ್ನು ಕೊಟ್ಟೀತು. ಮೂರರಲ್ಲೊಂದು ಪಾಲು ಲಾಭ. ಆ ದೇಶಗಳವರು ಎಂಪಿಪಿಟಿಯನ್ನು ಹೊಗಳುವುದರಲ್ಲಿ ತಪ್ಪಿಲ್ಲ. ಅವರ ಹವೆಯ ಮಾತನ್ನು ನಮ್ಮ ಹವೆಗೆ ಹಾಗೆಯೇ ಅನ್ವಯಿಸುವುದರಲ್ಲಿ ತಪ್ಪಿದೆ. ನಮ್ಮಲ್ಲಿಯೂ ಧನುರ್ಮಾಸದ ತಂಪು ಬೆಳಗಿನಲ್ಲಿ ಎಂಪಿಪಿಟಿಗೆ ಮೇಲುಗೈ ಉಂಟು. ಆದರೆ ಶ್ರೀಶೈಲದ ಯಾತ್ರೆ ನಡೆಯುವುದು ಧನುರ್ಮಾಸದಲ್ಲಲ್ಲ.

ಮನೆಯ ಫಲಕವಾದರೆ ಮಾತು ಬೇರೆ

ಇಲ್ಲಿಗೆ ನಾವು ಪಿಡಬ್ಲ್ಯುಎಂ ಪಕ್ಷವನ್ನು ಹಿಡಿದೆವೆಂದು ವಾಚಕರು ತಿಳಿಯಬಾರದು. ಮನೆಗಳ ಮಾಳಿಗೆಗೆ ಹಾಕುವ ದೊಡ್ಡ ಫಲಕಗಳು ವಾಟಿನ ಲೆಕ್ಕದಲ್ಲಿ ಅಗ್ಗವಾಗಿ ದೊರೆಯುತ್ತವೆ. 72 ಕೋಶಗಳ 335 ವಾಟಿನ ಫಲಕವೊಂದನ್ನು ತೆಗೆದುಕೊಳ್ಳಿರಿ. ಅದರ ಗರಿಷ್ಠ ಶಕ್ತಿಯ ಒತ್ತಡ ಸುಮಾರು 38 ವೋಲ್ಟು, ಪ್ರವಾಹ ಸುಮಾರು 9 ಆಂಪಿಯರು. ಇದನ್ನು ಪಿಡಬ್ಲ್ಯುಎಂ ಮೂಲಕ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದರೆ ಪ್ರವಾಹವು ಅದೇ 9 ಆಂಪಿಯರು. ಒತ್ತಡವು 13 ವೋಲ್ಟು. ಬ್ಯಾಟರಿಗೆ ಸೇರುವುದು 117 ವಾಟು. ಮೂರರಲ್ಲಿ ಎರಡು ಪಾಲು ಬಿಸಿಲು ವ್ಯರ್ಥ! ಇಲ್ಲಿ ಎಂಪಿಪಿಟಿಯು ಅನಿವಾರ್ಯ. ಅದು 13 ವೋಲ್ಟಿನಲ್ಲಿ 25 ಆಂಪಿಯರುಗಳವರೆಗೆ ಕೊಡಬಲ್ಲುದಾದುದರಿಂದ 30 ಆಂಪಿಯರಿನ ನಿಯಂತ್ರಕ ಬೇಕಾಗುತ್ತದೆ.

ಇಂಥ ನಿಯಂತ್ರಕವನ್ನು ಆರಿಸುವಾಗ ಅದು ತಾಳಬಲ್ಲ ಗರಿಷ್ಠ ಒತ್ತಡವನ್ನು ತಪ್ಪದೆ ನೋಡಬೇಕು. ಬಿಸಿಗೆ ಒತ್ತಡ ಕುಗ್ಗುವಂತೆ ತಂಪಿಗೆ ಏರುತ್ತದೆ. ಆ ಫಲಕದ ತೆರೆದ ಒತ್ತಡವು 46 ವೋಲ್ಟಾದರೆ, 10 ಡಿಗ್ರಿಯ ಚಳಿಯ ಮುಂಜಾನೆ ಅದು 48ಕ್ಕೆ ಏರಬಹುದು. 50 ವೋಲ್ಟನ್ನಷ್ಟೇ ತಾಳಬಲ್ಲ ಪೆಟ್ಟಿಗೆಯನ್ನು ಕೊಂಡರೆ ಅಂಚಿನಲ್ಲಿ ನಡೆದಂತಾಗುತ್ತದೆ. 75 ಅಥವಾ 100 ವೋಲ್ಟಿನದು ಕ್ಷೇಮಕರ. ಆಂಪಿಯರಿನ ಮಿತಿಯನ್ನು ತುಸು ಮೀರಿದರೆ ಒಳ್ಳೆಯ ನಿಯಂತ್ರಕವು ತನ್ನನ್ನು ತಾನೇ ತಡೆದುಕೊಳ್ಳುತ್ತದೆ. ವೋಲ್ಟಿನ ಮಿತಿಯನ್ನು ಮೀರಿದರೆ ಸುಟ್ಟುಹೋಗುತ್ತದೆ. ಈ ಭೇದವನ್ನು ನೆನಪಿನಲ್ಲಿಡಬೇಕು.

ಆ ತರುಣರ ಲೆಕ್ಕ

ನಾಲತವಾಡದ ತರುಣರಿಗೆ ಯಾವುದು ತಕ್ಕದ್ದು? ಮೊದಲು ಅವರ ಅಗತ್ಯವನ್ನು ಬರೆದುಕೊಂಡೆವು. 20 ವಾಟಿನ ಬೀಸಣಿಗೆ 8 ತಾಸು: 160 ವಾಟ್-ತಾಸು. 5 ವಾಟಿನ ಎರಡು ದೀಪಗಳು 5 ತಾಸು: 50. ಆರು ದೂರವಾಣಿಗಳಿಗೆ 15ರಂತೆ: 90. ಒಟ್ಟು ದಿನಕ್ಕೆ 300 ವಾಟ್-ತಾಸು. ಈ ಸೀಮೆಯಲ್ಲಿ 100 ವಾಟಿನ ಫಲಕವು ದಿನಕ್ಕೆ 5 ತಾಸಿನ ಪೂರ್ಣ ಬಿಸಿಲನ್ನು ಪಡೆಯುತ್ತದೆಂದು ಹಿಡಿದು, ಬಿಸಿ, ಧೂಳು, ತಂತಿ ಇವುಗಳ ನಷ್ಟಕ್ಕಾಗಿ ನೂರಕ್ಕೆ 30ನ್ನು ಕಳೆದರೆ 350 ವಾಟ್-ತಾಸು ಉಳಿಯುತ್ತದೆ. ಆದುದರಿಂದ 36 ಕೋಶಗಳ 100 ವಾಟಿನ ಒಂದು ಫಲಕ ಸಾಕು.

ಫಲಕವನ್ನು ಮಾಳಿಗೆಯ ಮೇಲೆ ಸಮತಲವಾಗಿ ಇಟ್ಟರೂ ಇಲ್ಲಿ ಹೆಚ್ಚು ನಷ್ಟವಿಲ್ಲ. ನಾಲತವಾಡವು ಉತ್ತರ ಅಕ್ಷಾಂಶ 16 ಡಿಗ್ರಿಗಿಂತ ಸ್ವಲ್ಪ ಮೇಲಿದೆ. ಮೇ ತಿಂಗಳ ಮೊದಲ ವಾರದಲ್ಲಿಯೂ ಆಗಸ್ಟಿನ ಮೊದಲ ಭಾಗದಲ್ಲಿಯೂ ಸೂರ್ಯನು ಇಲ್ಲಿ ನಡುನೆತ್ತಿಗೆ ಬರುತ್ತಾನೆ. ಉತ್ತರ ದೇಶಗಳವರಂತೆ ಫಲಕವನ್ನು ಓರೆಯಾಗಿ ನಿಲ್ಲಿಸುವ ಚೌಕಟ್ಟುಗಳಿಗೆ ಹಣ ಸುರಿಯಬೇಕಾಗಿಲ್ಲ. ಆದರೆ ಫಲಕಕ್ಕೂ ಮಾಳಿಗೆಯ ತಗಡಿಗೂ ನಡುವೆ ನಾಲ್ಕು ಬೆರಳಿನ ಅಂತರವನ್ನಾದರೂ ಬಿಡಬೇಕು. ಕೆಳಗೆ ಗಾಳಿಯಾಡಿದರೆ ಫಲಕವು ತಂಪಾಗಿರುತ್ತದೆ, ಒತ್ತಡ ಉಳಿಯುತ್ತದೆ.

ಬ್ಯಾಟರಿಗೆ ದಿನದ ಖರ್ಚು 300ನ್ನು 12ರಿಂದ ಭಾಗಿಸಿದರೆ 25 ಆಂಪಿಯರ್-ತಾಸು. ಮೋಡದ ಎರಡು ದಿನಗಳನ್ನು ಕಳೆಯಲು 50 ಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದಾದುದರಿಂದ 100ರದು ಬೇಕು. ಲಿಥಿಯಮ್ ಕಬ್ಬಿಣ ಫಾಸ್ಫೇಟಿನದಾದರೆ 60ರಿಂದ 65ರದು ಸಾಕು. ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿಯು 1859ರಲ್ಲಿ ಸೀಸದ ಬ್ಯಾಟರಿಯನ್ನು ಕಂಡುಹಿಡಿದನು. ಎರಡನೆಯದರ ವಿಷಯವನ್ನು ತಿಳಿಸಿದ 1997ರ ಪ್ರಬಂಧದ ಕರ್ತೃಗಳು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಎಂಬವರು. ಇವರಲ್ಲಿ ಗುಡ್‌ಇನಫ್ ಅವರು ಲಿಥಿಯಮ್ ಬ್ಯಾಟರಿಗಳ ಸಂಶೋಧನೆಗಾಗಿ 2019ರಲ್ಲಿ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡರು.

ಇನ್ನು ನಿಯಂತ್ರಕ. ಈ ಫಲಕದ ಅತಿ ಹೆಚ್ಚಿನ ಪ್ರವಾಹ 6 ಆಂಪಿಯರು. ಅದಕ್ಕೆ ಕಾಲುಭಾಗ ಸೇರಿಸಿದರೆ 7.5, ಆದುದರಿಂದ 10 ಆಂಪಿಯರಿನ ಪ್ರಾಮಾಣಿಕವಾದ ಪಿಡಬ್ಲ್ಯುಎಂ ಸಾಕೆಂದು ನಾವು ಹೇಳಿದೆವು. ಉಳಿದ ಹಣವನ್ನು ದಪ್ಪ ತಂತಿಗೂ ಒಳ್ಳೆಯ ಬ್ಯಾಟರಿಗೂ ವೆಚ್ಚ ಮಾಡಲಿ.

ತಂತಿಯ ಮಾತು ಸಣ್ಣದಲ್ಲ. ಮಾಳಿಗೆಯಿಂದ ಬ್ಯಾಟರಿಗೆ 4 ಮೀಟರೆಂದರೆ ಹೋಗಿ ಬರುವ ದಾರಿ 8 ಮೀಟರು. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 6 ಆಂಪಿಯರು ಹರಿದರೆ 0.56 ವೋಲ್ಟು ದಾರಿಯಲ್ಲಿಯೇ ಕರಗುತ್ತದೆ. 4 ಚದರ ಮಿಲಿಮೀಟರಿನದರಲ್ಲಿ 0.21 ವೋಲ್ಟು ಮಾತ್ರ. ಬೇಸಗೆಯಲ್ಲಿ ಫಲಕದ ಬಳಿ ಇರುವುದೇ 15 ವೋಲ್ಟು, ಬ್ಯಾಟರಿಯು ಕೇಳುವುದು 14.4. ತೆಳು ತಂತಿಯನ್ನು ಹಾಕಿದವನು ಉಳಿದ ಅರ್ಧ ವೋಲ್ಟನ್ನು ತಂತಿಗೇ ದಾನ ಮಾಡುತ್ತಾನೆ. ಬ್ಯಾಟರಿಯು ಎಂದಿಗೂ ಪೂರ್ತಿ ತುಂಬುವುದಿಲ್ಲ.

ಉಷ್ಣವನ್ನರಿಯದ ಪೆಟ್ಟಿಗೆ

ನಿಯಂತ್ರಕದ ಜಾತಿಗಿಂತಲೂ ಹೆಚ್ಚು ಮುಖ್ಯವಾದ ಗುಣವೊಂದಿದೆ. ಸೀಸದ ಬ್ಯಾಟರಿಗೆ 14.4 ವೋಲ್ಟು ಎಂಬುದು 25 ಡಿಗ್ರಿಯ ಅಂಕಿ. ಬ್ಯಾಟರಿಯು ಕಾದಂತೆ ಡಿಗ್ರಿಗೆ ಸುಮಾರು 24 ಮಿಲಿವೋಲ್ಟಿನಂತೆ ಅದನ್ನು ಇಳಿಸಬೇಕು. 40 ಡಿಗ್ರಿಯಲ್ಲಿ 14.04 ವೋಲ್ಟಷ್ಟೇ ಇರತಕ್ಕದ್ದು. ಉಷ್ಣತೆಯನ್ನು ಅರಿಯದ ನಿಯಂತ್ರಕವು ಅದಕ್ಕೆ ಬಲವಂತವಾಗಿ 14.4ನ್ನೇ ಉಣಿಸುತ್ತದೆ.

ಇದರ ಫಲವನ್ನು ನಾವೇ ಅನುಭವಿಸಿದ್ದೇವೆ. ಕೆಲವು ವರ್ಷಗಳ ಹಿಂದೆ ಒಂದು ಪಟ್ಟಣದ ಅಂಗಡಿಯಲ್ಲಿ ಎಂಪಿಪಿಟಿ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದ ಪೆಟ್ಟಿಗೆಯೊಂದನ್ನು ಕೊಂಡೆವು. ಬೆಲೆ ಕಡಿಮೆಯಿದ್ದುದೇ ನಮಗೆ ಎಚ್ಚರಿಕೆಯಾಗಬೇಕಿತ್ತು, ಆಗಲಿಲ್ಲ. ಆ ಬೇಸಗೆಯಲ್ಲಿ ವಾರಕ್ಕೊಮ್ಮೆ ಬ್ಯಾಟರಿಗೆ ಬಟ್ಟಿಯಿಳಿಸಿದ ನೀರನ್ನು ತುಂಬಬೇಕಾಯಿತು. ಎರಡು ವಾರ ಪರಸ್ಥಳಕ್ಕೆ ಹೋಗಿ ಬರುವಷ್ಟರಲ್ಲಿ ಅದರ ಫಲಕಗಳು ನೀರಿನಿಂದ ಮೇಲೆದ್ದು ಒಣಗಿದ್ದವು. ಮುಂಗಾರು ಬರುವ ಮೊದಲೇ ಬ್ಯಾಟರಿಯು ಸತ್ತಿತು. ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ತಂತಿಸುರುಳಿಯೂ ಇಲ್ಲ, ಉಷ್ಣತೆಯನ್ನು ಅಳೆಯುವ ಉಪಕರಣವೂ ಇಲ್ಲ. ಅದೊಂದು ಅಗ್ಗದ ಪಿಡಬ್ಲ್ಯುಎಂ. ಹೆಸರು ಮಾತ್ರ ದೊಡ್ಡದು. ಅಂಗಡಿಯವನು ಬೇಕೆಂದೇ ಮೋಸ ಮಾಡಿದನೆಂದು ನಾವು ಹೇಳಲಾರೆವು. ಬಹುಶಃ ಅವನಿಗೂ ತಿಳಿದಿರಲಿಲ್ಲ. ಆದರೆ ಅಳತೆಯ ಉಪಕರಣವು ನಮ್ಮ ಮೇಜಿನ ಮೇಲೆಯೇ ಇದ್ದರೂ ನಾವು ಅಳೆದು ನೋಡಲಿಲ್ಲವಲ್ಲ! ಆ ತಪ್ಪು ನಮ್ಮದೇ.

ಆದುದರಿಂದ ಸೀಸದ ಬ್ಯಾಟರಿಗೆ ಉಷ್ಣತೆಯನ್ನು ಗಮನಿಸಿ ಒತ್ತಡವನ್ನು ಇಳಿಸುವ ನಿಯಂತ್ರಕವನ್ನೇ ಕೊಳ್ಳಬೇಕು. ಅದರ ಉಷ್ಣಮಾಪಕವು ಪ್ರತ್ಯೇಕ ತಂತಿಯ ತುದಿಯಲ್ಲಿದ್ದು, ಬ್ಯಾಟರಿಯ ಮೈಗೆ ಅಂಟಿಸುವಂತಿದ್ದರೆ ಉತ್ತಮ. ಲಿಥಿಯಮ್ ಬ್ಯಾಟರಿಯಾದರೆ ಅದಕ್ಕೆಂದೇ ಇರುವ ಆಯ್ಕೆಯು ನಿಯಂತ್ರಕದಲ್ಲಿರಬೇಕು. ಸೀಸದ ಬ್ಯಾಟರಿಗೆ ಆಗಾಗ್ಗೆ ಕೊಡುವ ಅಧಿಕ ಒತ್ತಡದ ಚಿಕಿತ್ಸೆಯು ಲಿಥಿಯಮಿಗೆ ವಿಷಪ್ರಾಯ. ಪರದೇಶದವರು ಅದನ್ನು ಹಿಮದಿಂದ ಕಾಪಾಡುವ ಮಾತನ್ನಾಡುತ್ತಾರೆ. ನಾವು ಕಾಪಾಡಬೇಕಾದದ್ದು ಬಿಸಿಯಿಂದ. ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ವಾಹನದ ಒಳಗು ಹೊರಗಿನ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಯಾವ ಜಾತಿಯ ಬ್ಯಾಟರಿಯೇ ಆಗಲಿ, ನೆರಳಿನಲ್ಲಿ, ನೆಲಮಟ್ಟದಲ್ಲಿ, ಗಾಳಿ ಆಡುವ ಕಡೆ ಇರಬೇಕು. ಸೀಸದ್ದಾದರೆ ಅದರ ಅನಿಲವು ಹೊರಗೆ ಹೋಗಲು ದಾರಿಯಿರಬೇಕು.

ಜೋಡಣೆಯ ಕ್ರಮವೂ ಮುಖ್ಯ. ಮೊದಲು ಬ್ಯಾಟರಿಯನ್ನು, ಅನಂತರ ಫಲಕವನ್ನು ನಿಯಂತ್ರಕಕ್ಕೆ ಜೋಡಿಸಬೇಕು. ಬಿಚ್ಚುವಾಗ ಇದಕ್ಕೆ ವಿರುದ್ಧ. ಬ್ಯಾಟರಿಯ ಧನಧ್ರುವದ ಪಕ್ಕದಲ್ಲಿಯೇ ಫ್ಯೂಸ್ ಇರಬೇಕು. ವಾಹನದ ಮೈಕಟ್ಟನ್ನು ಬದಲಿಸುವ ಮೊದಲು 1988ರ ಮೋಟಾರು ವಾಹನ ಕಾಯಿದೆಯಂತೆ ಸಾರಿಗೆ ಕಚೇರಿಯ ಅನುಮತಿಯನ್ನು ವಿಚಾರಿಸುವುದನ್ನು ಮರೆಯಬಾರದು.

ಒಂದು ಪರೀಕ್ಷೆ

ಪೆಟ್ಟಿಗೆಯ ಮೇಲೆ ಬರೆದದ್ದು ನಿಜವೋ ಸುಳ್ಳೋ ಎಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಕಂಡುಹಿಡಿಯಬಹುದು. ಬೇಕಾದದ್ದು ಒಂದು ಸಾಮಾನ್ಯ ಮಲ್ಟಿಮೀಟರ್. ಬೆಳಗಿನ 9 ಗಂಟೆಯ ಹೊತ್ತಿಗೆ, ಫಲಕವು ಇನ್ನೂ ಕಾಯದಿರುವಾಗ, ಅರ್ಧ ಖಾಲಿಯಾದ ಬ್ಯಾಟರಿಗೆ ನಿಯಂತ್ರಕವನ್ನು ಜೋಡಿಸಿರಿ. ವಿದ್ಯುತ್ತು ತುಂಬುತ್ತಿರುವಾಗ ಬ್ಯಾಟರಿಯ ಧ್ರುವಗಳ ಒತ್ತಡವನ್ನೂ, ನಿಯಂತ್ರಕದಲ್ಲಿ ಫಲಕದ ತಂತಿಗಳು ಸೇರುವ ಕಡೆಯ ಒತ್ತಡವನ್ನೂ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಹೆಸರೇನೇ ಇರಲಿ, ಅದು ಪಿಡಬ್ಲ್ಯುಎಂ. ಬ್ಯಾಟರಿಯಲ್ಲಿ 13 ಇದ್ದು ಫಲಕದಲ್ಲಿ 17 ಇದ್ದರೆ ಎಂಪಿಪಿಟಿ. ಪ್ರವಾಹವನ್ನು ಅಳೆಯಬಲ್ಲವರು ಇನ್ನೊಂದನ್ನು ನೋಡಬಹುದು: ನಿಜವಾದ ಎಂಪಿಪಿಟಿಯಲ್ಲಿ ಬ್ಯಾಟರಿಗೆ ಸೇರುವ ಆಂಪಿಯರು ಫಲಕದಿಂದ ಹೊರಟ ಆಂಪಿಯರಿಗಿಂತ ಹೆಚ್ಚಾಗಿರುತ್ತದೆ.

ಇದೇ ಪರೀಕ್ಷೆಯನ್ನು ನಡುಮಧ್ಯಾಹ್ನ ಮತ್ತೊಮ್ಮೆ ಮಾಡಿದರೆ ಬಿಸಿಗೆ ಒತ್ತಡವು ಕುಗ್ಗುವ ಸಂಗತಿಯು ಕಣ್ಣಿಗೇ ಕಾಣುತ್ತದೆ. ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿದ ವೋಲ್ಟು, ಆಂಪಿಯರು, ವಾಟುಗಳು ಆಗ ಜೀವ ತಳೆಯುತ್ತವೆ. ನಮ್ಮ ಶಾಲೆಗಳ ಭೌತಶಾಸ್ತ್ರದ ಕೊಠಡಿಗಳಲ್ಲಿ ಈ ಪ್ರಯೋಗ ನಡೆಯಬೇಕೆಂದು ನಾವು ಬಯಸುತ್ತೇವೆ.

ವಿಷಯವು ಒಂದು ಟೆಂಪೊಗಷ್ಟೇ ಸೀಮಿತವಾದದ್ದಲ್ಲ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರವಿದೆ. ಅಲ್ಲಿಯ ಒತ್ತಡವನ್ನೂ ಪ್ರವಾಹವನ್ನೂ ನೋಡಿಕೊಳ್ಳಲು ಎಂಜಿನಿಯರುಗಳಿದ್ದಾರೆ. ಹೊಲದ ಗುಡಿಸಲಿನಲ್ಲಿ, ಕುರಿಗಾರರ ಬಿಡಾರದಲ್ಲಿ, ತಳ್ಳುಗಾಡಿಯಲ್ಲಿ ಒಂದು ಫಲಕವನ್ನೂ ಬ್ಯಾಟರಿಯನ್ನೂ ಇಟ್ಟುಕೊಂಡವನಿಗೆ ಎಂಜಿನಿಯರನು ಅವನೇ. ಅವನ ಬ್ಯಾಟರಿಯು ಐದು ವರ್ಷ ಬಾಳುವ ಬದಲು ಒಂದೇ ಬೇಸಗೆಗೆ ಸತ್ತರೆ ಕಷ್ಟಪಟ್ಟು ಗಳಿಸಿದ ಹಣವೂ ಹೋಯಿತು, ಸೌರಶಕ್ತಿಯ ಮೇಲಿನ ನಂಬಿಕೆಯೂ ಹೋಯಿತು. ಇದು ನಮ್ಮ ಊರಿಗೆ ಒಗ್ಗುವುದಿಲ್ಲವೆಂದು ಆತ ನೆರೆಯವರಿಗೆ ಹೇಳುತ್ತಾನೆ. ಬಿಸಿಲು ಇಷ್ಟು ಧಾರಾಳವಾಗಿರುವ ನಾಡಿನಲ್ಲಿ ಅಂಥ ಮಾತು ಹರಡುವುದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ.

ನಾಲತವಾಡದ ತರುಣರು ಮಲ್ಟಿಮೀಟರನ್ನು ಕೊಂಡಿದ್ದಾರೆ. ನಿಯಂತ್ರಕವನ್ನು ಕೊಳ್ಳುವ ಮೊದಲೇ ಅದನ್ನು ಕೊಂಡುದಕ್ಕಾಗಿ ನಾವು ಅವರನ್ನು ಅಭಿನಂದಿಸುತ್ತೇವೆ. ನಮ್ಮ ವಿದ್ಯಾರ್ಥಿ ವಾಚಕರೂ ಅದೇ ಕ್ರಮವನ್ನು ಅನುಸರಿಸಲಿ: ಮೊದಲು ಅಳೆಯುವುದು, ಆಮೇಲೆ ಲೆಕ್ಕ ಹಾಕುವುದು, ಕೊಳ್ಳುವುದು ಎಲ್ಲಕ್ಕಿಂತ ಕಡೆಗೆ.